ಹಾಜ್ಜೆಯ ಕೈಗೆ ಜಗ್ಗದ ಪೆಟ್ಟಿಗೆ

ನಮ್ಮ ಕಟ್ಟಡದಲ್ಲಿ ವಿದಾದ್‌ಗಿಂತ ಗಟ್ಟಿ ಹೆಂಗಸು ಇನ್ನೊಬ್ಬಳಿಲ್ಲ ಎಂದು ನಾನು ಎಲ್ಲರೆದುರೂ ಹೇಳಿಕೊಂಡು ಬಂದವಳು. ಬಂದರು ಸಿಡಿದ ದಿನ ಇಡೀ ಬೈರೂತ್ ಬಾಯಿ ಬಡಿದುಕೊಳ್ಳುತ್ತಿದ್ದಾಗ, ತಲೆಗೂದಲಲ್ಲಿ ಗಾಜಿನ ಚೂರು ಇಟ್ಟುಕೊಂಡೇ ಪೊರಕೆ ಹಿಡಿದು ಮೆಟ್ಟಿಲು ಗುಡಿಸಿದವಳು ಅವಳು. ಅಂಥವಳು ರಂಜಾನಿನ ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಬಂದು ನಿಂತಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಹೊಲಿಗೆ ಯಂತ್ರ ನಿಲ್ಲಿಸಿದೆ. ಯಾರೋ ಸತ್ತಿದ್ದಾರೆ ಎಂದೇ ನನಗನ್ನಿಸಿತು.

"ರಬಾಬ್, ಒಂದ್ನಿಮಿಷ ಬಾ. ಒಂದು ಕೇಳ್ಬೇಕು ನೀನು," ಎಂದಳು.

ನಮ್ಮಿಬ್ಬರ ಬಾಗಿಲುಗಳು ಎದುರುಬದುರು. ಅವಳ ಊಟದ ಕೋಣೆಯ ಮೂಲೆಯಲ್ಲಿ, ಯಾರೂ ಊಟ ಮಾಡದ ಮೇಜಿನ ಕೆಳಗೆ, ಒಂದು ಕಪ್ಪು ಪೆಟ್ಟಿಗೆ ಯಾವಾಗಲೂ ಗುಂಯ್‌ಗುಡುತ್ತಿರುತ್ತದೆ. ಫೈಲ್ ಸರ್ವರ್ ಅದು. ವಿದಾದ್ ರೇಡಿಯೋದಲ್ಲಿ ಧ್ವನಿಯ ಕೆಲಸ ಮಾಡಿ ನಿವೃತ್ತಳಾದ ಮೇಲೆ ಹಳೆಯ ಕ್ಯಾಸೆಟ್ಟುಗಳನ್ನು ಬದುಕಿಸುವ ಕೆಲಸ ಹಿಡಿದಳು. ಯುದ್ಧದ ಕಾಲದಲ್ಲಿ ಆಫ್ರಿಕಕ್ಕೋ ಕೊಲ್ಲಿ ದೇಶಗಳಿಗೋ ಹೋದ ನಮ್ಮ ಗಂಡಸರು ಮನೆಗೆ ಕಾಗದ ಬರೆಯುತ್ತಿರಲಿಲ್ಲ, ಬರೆದರೂ ತಾಯಂದಿರಿಗೆ ಓದಲು ಬರುತ್ತಿರಲಿಲ್ಲ. ಹೇಳಬೇಕಾದದ್ದನ್ನು ಕ್ಯಾಸೆಟ್ಟಿನಲ್ಲಿ ಹೇಳಿ, ಊರಿಗೆ ಹೊರಟವರ ಜೇಬಿಗೆ ತುರುಕುತ್ತಿದ್ದರು. ಆ ಕ್ಯಾಸೆಟ್ಟುಗಳನ್ನು ಜನ ಈಗ ಬಟ್ಟೆಗಂಟಿನಲ್ಲಿ ಸುತ್ತಿ ವಿದಾದ್ ಹತ್ತಿರ ತರುತ್ತಾರೆ. ಅವಳು ಸದ್ದನ್ನು ಎತ್ತಿ, ತೊಳೆದು, ಆ ಪೆಟ್ಟಿಗೆಯಲ್ಲಿಡುತ್ತಾಳೆ. ನಮ್ಮ ಬೀದಿಯ ಸತ್ತವರೆಲ್ಲ ಅದರೊಳಗೆ ಮಾತಾಡಿಕೊಂಡಿರುತ್ತಾರೆ, ಕರೆಂಟು ಇದ್ದಾಗ.

ಕುರ್ಚಿ ಎಳೆದು ಕೂರಿಸಿದಳು. ಸ್ಪೀಕರಿನಿಂದ ಒಬ್ಬ ಹುಡುಗನ ದನಿ ಬಂತು.

"ಯುಮ್ಮಾ, ಇಲ್ಲಿ ಮಾವಿನಹಣ್ಣು ರಸ್ತೇಲಿ ಬಿದ್ದಿರತ್ತೆ, ಯಾರೂ ಎತ್ಕೊಳಲ್ಲ. ನೀನಿದ್ದಿದ್ರೆ ಸೆರಗು ತುಂಬ್ಕೊಂಡು ಬರ್ತಿದ್ದೆ. ಆಮೇಲೆ ಇನ್ನೊಂದು ಮಾತು, ಸರಿಯಾಗಿ ಕೇಳಿಸ್ಕೋ..."

ದನಿ ನಿಂತಿತು. ನಾನು ಕಾದೆ. ತುಂಬ ಹೊತ್ತಾದ ಮೇಲೆ ಯಾವುದೋ ಮಾತಿನ ನಡುವಿನಿಂದ ಎದ್ದು ಬಂದವನ ಹಾಗೆ ಹುಡುಗ ಮುಂದುವರಿಸಿದ: "...ಅಷ್ಟು ಮಾಡು ಸಾಕು, ಯುಮ್ಮಾ. ಮರೀಬೇಡ."

ಅದು ಯಾರ ದನಿ ಎಂದು ಕೇಳಬೇಕಾಗಿರಲಿಲ್ಲ. ಮೇಲಿನ ಮನೆಯ ಉಮ್ ನಜೀಬ್ ಅವರ ಮಗ ನಜೀಬ್. ಆಫ್ರಿಕದ ಅಬಿಜಾನಿಗೆ ಹೋಗಿ, ಈ ಒಂದೇ ಒಂದು ಕ್ಯಾಸೆಟ್ಟು ಕಳಿಸಿ, ಅಲ್ಲೇ ಜ್ವರ ಬಂದು ತೀರಿಕೊಂಡವನು.

"ಅಲ್ಲಿ ಅವನು ಮಾತು ನಿಲ್ಲಿಸಿದ್ನೇನೋ," ಎಂದೆ ನಾನು. "ಅಮ್ಮನ ನೆನಪಾಗಿ ಗಂಟಲು ಕಟ್ಟಿರತ್ತೆ."

"ನಿಲ್ಲಿಸಿದ್ರೆ ಹಿಂದೆ ಫ್ಯಾನ್ ಸದ್ದಾದ್ರೂ ಇರ್ಬೇಕಲ್ಲ. ಉಸಿರಾದ್ರೂ ಇರ್ಬೇಕಲ್ಲ. ಇದು ಮೌನ ಅಲ್ಲ ರಬಾಬ್. ತೂತು."

ಆ ಕ್ಯಾಸೆಟ್ಟು ಈಗಿಲ್ಲ. ಹೋದ ವರ್ಷ ಹಬ್ಬ ಕಳೆದ ಮೇಲೆ ವಿದಾದ್ ಅದನ್ನು ಒಂದೇ ಸಲ ಓಡಿಸಿದ್ದಳು. ಓಡುತ್ತಿದ್ದ ಹಾಗೆಯೇ ಟೇಪಿನ ಕಂದು ಲೇಪವೆಲ್ಲ ತುಕ್ಕಿನ ಪುಡಿಯಂತೆ ಉದುರಿ, ಕೊನೆಗೆ ಬರಿ ಪ್ಲಾಸ್ಟಿಕ್ ಪಟ್ಟಿ ಉಳಿಯಿತು. ಲೋಕದಲ್ಲಿ ನಜೀಬನ ದನಿ ಅಂತ ಇದ್ದದ್ದು ಈ ಪೆಟ್ಟಿಗೆಯೊಳಗೆ ಮಾತ್ರ.

"ಅಲ್ಲೇನು ಹೇಳಿದ್ದ?" ಎಂದು ಕೇಳಿದೆ.

ವಿದಾದ್ ತಲೆ ತಗ್ಗಿಸಿದಳು. "ನಂಗೆ ಗೊತ್ತಿಲ್ಲ. ನಾನು ಮೀಟರಿನ ಮುಳ್ಳು ಎಷ್ಟು ಅಲ್ಲಾಡತ್ತೆ ಅಂತ ನೋಡ್ತಿದ್ದೆ. ಗೊರಗೊರ ಎಲ್ಲಿದೆ ಅಂತ ಕೇಳ್ತಿದ್ದೆ. ಮಾತು ಕೇಳಿಲ್ಲ ನಾನು."

ಆದದ್ದೇನೆಂದು ಅವಳೇ ವಿವರಿಸಿದಳು. ರಂಜಾನಿಗೆ ಮುಂಚೆ ಒಂದು ದಿನ ಅದರ ಗೊರಗೊರ ಇನ್ನೊಂದಿಷ್ಟು ತೊಳೆದು, ಅದೇ ಹೆಸರಿನ ಮೇಲೆ ಮತ್ತೆ ಉಳಿಸಲು ಕೊಟ್ಟು, ಕಾಫಿ ಮಾಡಲು ಅಡುಗೆಮನೆಗೆ ಹೋಗಿದ್ದಳು. ಅಷ್ಟರಲ್ಲಿ ಸರ್ಕಾರದ ಕರೆಂಟು ಹೋಗಿ ಇಶ್ತಿರಾಕ್, ಅಂದರೆ ಬೀದಿ ಜನರೇಟರಿನದು, ಬಂತು. ಬಂದು ನೋಡಿದರೆ ಪೆಟ್ಟಿಗೆ ಆರಿತ್ತು. ಮತ್ತೆ ಹೊತ್ತಿಸಿದಳು. ಅದು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಎಲ್ಲ ಸರಿಯಿದೆ ಎಂದಿತು. ಶುಕ್ರವಾರ ಎಂದಿನಂತೆ ಇನ್ನೊಂದು ಹಾರ್ಡ್ ಡಿಸ್ಕಿಗೆ ಪ್ರತಿ ಹೋಯಿತು. ಚೆನ್ನಾಗಿದ್ದ ಹಳೆಯ ಪ್ರತಿಯ ಮೇಲೆ ಆ ತೂತೂ ನಿಷ್ಠೆಯಿಂದ ಹೋಗಿ ಕೂತಿತು.

"ಮಾಶಿಲ್ ಹಾಲ್ ಅಂತು ಮುಂಡೇದು," ಎಂದಳು ವಿದಾದ್. "ಹೊಟ್ಟೆಯೊಳಗೆ ತೂತು ಇಟ್ಕೊಂಡು ಮಾಶಿಲ್ ಹಾಲ್ ಅಂತು."

ಎಲ್ಲ ನಡೀತಿದೆ, ತೊಂದರೆಯಿಲ್ಲ ಎಂಬ ಮಾತು ಅದು. ಈ ದೇಶದಲ್ಲಿ ಮನೆಗೆ ಬೆಂಕಿ ಬಿದ್ದಿದ್ದರೂ ಕೇಳಿದವರಿಗೆ ನಾವು ಕೊಡುವ ಉತ್ತರ. ಉಮ್ ನಜೀಬ್ ಅವರಿಗೂ ದಿನಾ ಸಿಗುತ್ತಿದ್ದ ಉತ್ತರ ಅದೇ. ಹಜ್ ಮಾಡಿ ಬಂದವರಾದ್ದರಿಂದ ಅವರನ್ನು ಎಲ್ಲರೂ ಹಾಜ್ಜೆ ಎನ್ನುತ್ತೇವೆ. ಮಧ್ಯಾಹ್ನದ ನಮಾಜು ಮುಗಿಸಿ, ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು, ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. "ಹುಡುಗ ಹೇಗಿದಾನೆ?" ಎಂದು ಕೇಳುತ್ತಾರೆ. "ಮಾಶಿಲ್ ಹಾಲ್, ಹಾಜ್ಜೆ," ಎನ್ನುತ್ತಾಳೆ ವಿದಾದ್. ದನಿ ಹಾಕು ಎಂದು ಕೇಳುವುದಿಲ್ಲ. ಕೇಳಿದರೆ ಮೂರು ದಿನ ಜ್ವರ ಬರುತ್ತದಂತೆ. ಅವನು ಅಲ್ಲಿದ್ದಾನೆ ಎಂದು ಗೊತ್ತಿದ್ದರೆ ಸಾಕು.

ವರ್ಷಕ್ಕೊಮ್ಮೆ ಮಾತ್ರ ಕೇಳುತ್ತಾರೆ, ಹಬ್ಬದ ಬೆಳಗ್ಗೆ. ನಾವೆಲ್ಲ ಗೋರಿಯ ಮೇಲಿಡಲು ಆಸ್ ಎಂಬ ಪರಿಮಳದ ಗಿಡದ ಟೊಂಗೆ ಹಿಡಿದು ಗೋರಿಗಳ ಹತ್ತಿರ ಹೋಗುವ ಹೊತ್ತು ಅದು. ಅವರ ಮಗನ ಗೋರಿ ಸಮುದ್ರದಾಚೆ ಅಬಿಜಾನಿನಲ್ಲಿದೆ. ಆದ್ದರಿಂದ ಹೋದ ವರ್ಷದವರೆಗೆ ಹೊಸ ತಲೆವಸ್ತ್ರ ಹಾಕಿಕೊಂಡು ತಮ್ಮ ಮನೆಯಲ್ಲೇ ಕ್ಯಾಸೆಟ್ಟು ಹಾಕಿ ಕೇಳುತ್ತಿದ್ದರು; ಈ ಸಲ ಟೊಂಗೆ ಹಿಡಿದುಕೊಂಡು ವಿದಾದಳ ಊಟದ ಕೋಣೆಗೆ ಇಳಿದು ಬರುವವರಿದ್ದರು.

ಹಬ್ಬ ಹತ್ತಿರದಲ್ಲೇ ಇತ್ತು.

ಆ ಮಧ್ಯಾಹ್ನದಿಂದ ವಿದಾದ್‌ಗೆ ನೆಮ್ಮದಿ ಹಾರಿಹೋಯಿತು. ನಜೀಬನದೊಂದೇ ಆಗಿದ್ದರೆ ಅತ್ತು ಮುಗಿಸುತ್ತಿದ್ದಳೇನೋ. ಆದರೆ ಪೆಟ್ಟಿಗೆಯಲ್ಲಿ ಇಡೀ ಬೀದಿ ಇತ್ತು. ಯಾರ ಗಂಡ ಯಾವ ಮಾತಿನ ನಡುವೆ ಅಳಿಸಿಹೋಗಿದ್ದಾನೋ ಹೇಗೆ ಗೊತ್ತಾಗಬೇಕು? ಎಲ್ಲವನ್ನೂ ಕೂತು ಕೇಳಲು ಅವಳ ಉಳಿದ ಆಯುಸ್ಸು ಸಾಲದು. "ಇದೊಂದು ಕಂಡಿದೆ ರಬಾಬ್, ಕಾಣದೇ ಇರೋದು ಎಷ್ಟಿದೆಯೋ," ಎನ್ನುತ್ತಿದ್ದಳು. ಮೆಟ್ಟಿಲಲ್ಲಿ ಯಾರಾದರೂ ಎದುರಾಗಿ "ನಮ್ಮಪ್ಪನ ಕ್ಯಾಸೆಟ್ಟು ಭದ್ರ ತಾನೇ?" ಎಂದು ಸುಮ್ಮನೆ ಕೇಳಿದರೂ ಅವಳು ಕೀಲಿಕೈ ಹುಡುಕುವ ನೆವದಲ್ಲಿ ಮುಖ ತಿರುಗಿಸುವುದನ್ನು ನಾನೇ ನೋಡಿದೆ. ಭಯ ಅಂಟುರೋಗ. ನಾನೂ ಬಟ್ಟೆ ಕತ್ತರಿಸುತ್ತ ಕತ್ತರಿಸುತ್ತ ನಮ್ಮಮ್ಮನ ದನಿ ಅದರಲ್ಲಿರುವುದು ನೆನಪಾಗಿ, ಕತ್ತರಿ ಕೆಳಗಿಡತೊಡಗಿದೆ.

ವಿಚಿತ್ರವೆಂದರೆ ಅವಳ ಹತ್ತಿರ ಯುಪಿಎಸ್ ಇತ್ತು. ಕರೆಂಟು ಹೋದರೆ ಬ್ಯಾಟರಿಯ ಮೇಲೆ ಪೆಟ್ಟಿಗೆಯನ್ನು ಹಿಡಿದಿಡುವ ಡಬ್ಬಿ. ಬ್ಯಾಟರಿಯೂ ಹೊಸದು. ಹಾಗಿದ್ದೂ ಪೆಟ್ಟಿಗೆ ಯಾಕೆ ಆರುತ್ತಿತ್ತು ಎಂದು ಅವಳಿಗೆ ಹೊಳೆಯಲೇ ಇಲ್ಲ. ಸ್ವಿಚ್ಚು ಆರಿದ್ದದ್ದು ಕಂಡರೂ ತಾನೇ ಆರಿಸಿ ಮರೆತಿರಬೇಕು ಎಂದುಕೊಳ್ಳುತ್ತಿದ್ದಳು.

ನನಗೆ ಹೊಳೆಯಿತು. ಅಲ್ಲ, ಕಣ್ಣಿಗೇ ಬಿತ್ತು.

ಒಂದು ಮಧ್ಯಾಹ್ನ ನಾನು ಅವಳ ಕೋಣೆಯಲ್ಲಿ ಪರದೆಯ ಅಂಚು ಹೊಲಿಯುತ್ತ ಕೂತಿದ್ದೆ. ವಿದಾದ್ ಒಳಗೆ ಇಫ್ತಾರಿಗೆ ಬೇಳೆ ತೊಳೆಯುತ್ತಿದ್ದಳು. ಹಾಜ್ಜೆ ತಮ್ಮ ಕುರ್ಚಿಯಲ್ಲಿ ಜಪಮಣಿ ಎಣಿಸುತ್ತಿದ್ದರು. ಕೆಳಗೆ ಟಕ್ ಎಂದು ದೊಡ್ಡ ಸ್ವಿಚ್ಚು ಹೊರಳಿದ ಸದ್ದಾಯಿತು. ಕರೆಂಟು ಹೋಯಿತು, ಯುಪಿಎಸ್ ಕೀಂ ಕೀಂ ಎಂದು ಕೂಗಿತು. ಹಾಜ್ಜೆ ಮಣಿಯನ್ನು ಜೇಬಿಗೆ ಹಾಕಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಮೇಜಿನ ಕೆಳಗೆ ಬಗ್ಗಿ, ಯುಪಿಎಸ್ಸಿನ ಗುಂಡಿಯನ್ನು ಒತ್ತಿ ಹಿಡಿದರು. ಕೀಂ ನಿಂತಿತು. ಗುಂಯ್ ಕೂಡ ನಿಂತಿತು. ಆಮೇಲೆ ಗೋಡೆಯ ಸ್ವಿಚ್ಚು, ಆಮೇಲೆ ಟಿವಿಯ ಸ್ವಿಚ್ಚು. ಮನೆ ಗುಡಿಸಿ ಮುಗಿಸಿದವರ ಹಾಗೆ ಕೈ ಒರೆಸಿಕೊಂಡು ಬಂದು ಕೂತರು.

ನನ್ನ ಸೂಜಿ ಬೆರಳಿಗೆ ಚುಚ್ಚಿತ್ತು. "ಹಾಜ್ಜೆ, ಅದನ್ಯಾಕೆ ಆರಿಸಿದ್ರಿ?"

"ಬಡ್ಕೊಳ್ತಾ ಇತ್ತಲ್ಲ ಮಗಳೇ. ಇಶ್ತಿರಾಕ್ ಬಂದ್ರೆ ಐದು ಆಂಪಿಯರ್ ಅಷ್ಟೇ. ಇವಳೊಂದು ಮಷೀನಿಗೆ ಬಟ್ಟೆ ಹಾಕಿದ್ರೆ ಮುಗೀತು, ಬ್ರೇಕರ್ ಬಿದ್ದುಹೋಗತ್ತೆ."

"ಯಾವಾಗ್ಲೂ ಹೀಗೇ ಮಾಡ್ತೀರಾ?"

"ಇನ್ನೇನು ನೀನು ಮಾಡ್ತೀಯಾ? ಇಬ್ರೂ ಹೆಂಗಸ್ರು ಬಾಯಿಬಡುಕಿಯರು, ಒಬ್ಳಿಗೂ ದೀಪದ ಮೇಲೆ ಗಮನ ಇಲ್ಲ. ನಾನಿಲ್ದಿದ್ರೆ ಈ ಮನೆ ಎಂದೋ ಸುಟ್ಟುಹೋಗ್ತಿತ್ತು."

ವಿದಾದ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ಬೇಳೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹಾಜ್ಜೆ ಮೇಲೆ ಹೋದ ಕೂಡಲೇ ನಾನು ರೇಗಿದೆ. ನನ್ನ ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಯಾರನ್ನಾದರೂ ಕೇಳಿ.

"ಹೇಳಿಬಿಡು ಅವ್ರಿಗೆ."

"ಏನಂತ ಹೇಳ್ಲಿ? ನಿನ್ನ ಮಗನ್ನ ನಿನ್ನ ಕೈಯಾರೆ ಅಳಿಸಿದೆ ಅಂತಾನಾ?"

"ಮುಟ್ಬೇಡಿ ಅಂತಾದ್ರೂ ಹೇಳು."

"ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ನನ್ನ ಮುಖ ನೋಡಿ ಕಂಡುಹಿಡೀತಾರೆ. ಆ ಮುದುಕಿ ಕಿವಿ ಮಂದ, ಕಣ್ಣಲ್ಲ."

"ಹಾಗಾದ್ರೆ ಪೆಟ್ಟಿಗೆನ ಒಳಕೋಣೇಲಿಟ್ಟು ಬೀಗ ಹಾಕು."

"ಅವರ ಮಗನ್ನ ಅವರಿಂದ್ಲೇ ಬೀಗ ಹಾಕಿ ಇಡ್ಲಾ?" ಎಂದಳು ವಿದಾದ್. "ರಬಾಬ್, ನಂಗೆ ಭಯ ಆಗ್ತಿದೆ. ಹಬ್ಬದ ದಿನ ಆ ತೂತು ಬಂದಾಗ ನಾನು ಅವರ ಎದುರಿಗೆ ಕೂತಿರ್ಬೇಕು."

ಆಮೇಲೆ ಅವಳು ಕಣ್ಣೊರೆಸಿಕೊಂಡು ಒಂದು ಮಾತು ಹೇಳಿದಳು. ಆ ಮಾತಿಗೇ ನಾನು ಅವಳ ಕಥೆ ಬರೆಯಲು ಕೂತದ್ದು. "ಕೈ ಬದಲಾಗಲ್ಲ. ಪೆಟ್ಟಿಗೆ ಬದಲಾಗ್ಬೇಕು. ಹಾಜ್ಜೆ ಕೈಗೆ ಜಗ್ಗದೇ ಇರೋದು ಏನಾದ್ರೂ ಇರ್ಬೇಕು."

ಆವರೆಗೆ ಫೈಲ್ ಸಿಸ್ಟಂ ಎಂಬ ಪದವನ್ನೇ ನಾನು ಕೇಳಿರಲಿಲ್ಲ. ಪೆಟ್ಟಿಗೆಯೊಳಗೆ ಯಾವ ಸದ್ದಿನ ಯಾವ ತುಂಡು ಎಲ್ಲಿದೆ ಎಂದು ನೋಡಿಕೊಳ್ಳುವ ವ್ಯವಸ್ಥೆ ಅಂತೆ ಅದು, ಉಗ್ರಾಣದ ಯಜಮಾನಿ ಇದ್ದ ಹಾಗೆ. ವಿದಾದಳ ಹಳೆಯ ಯಜಮಾನಿ ಪೆಟ್ಟಿಗೆ ಕೊಂಡಾಗ ಜೊತೆಗೇ ಬಂದದ್ದು. ಯಾವ ಡಬ್ಬಿ ಎಲ್ಲಿದೆ ಎಂಬುದನ್ನು ಮಾತ್ರ ನೆನಪಿಡುತ್ತಿತ್ತು, ಡಬ್ಬಿಯೊಳಗೆ ಅಕ್ಕಿಯಿದೆಯೋ ಗಾಳಿಯಿದೆಯೋ ನೋಡುತ್ತಿರಲಿಲ್ಲ. ಯಾವುದು ನಂಬಿಕಸ್ಥ ಎಂದು ಅವಳು ಹುಡುಕತೊಡಗಿದಳು. ಅಂತರ್ಜಾಲದಲ್ಲಿ ಆ ವಿಷಯಕ್ಕೆ ಜನ ಕಚ್ಚಾಡುವುದನ್ನು ಅವಳ ಭುಜದ ಮೇಲಿಂದ ನಾನೂ ಓದಿದೆ. ಒಬ್ಬ ಒಂದನ್ನು ಹೊಗಳಿದರೆ, ಇನ್ನೊಬ್ಬ ಅದು ತನ್ನ ಮದುವೆಯ ಫೋಟೋ ನುಂಗಿತು ಎನ್ನುತ್ತಾನೆ. ಓದಿದಷ್ಟೂ ವಿದಾದಳ ಮುಖ ಇನ್ನಷ್ಟು ಬಿಳುಚುತ್ತಿತ್ತು.

ಕೊನೆಗೆ ಓದುವುದನ್ನು ಬಿಟ್ಟಳು. "ಹಾಜ್ಜೆ ಮಾಡೋದನ್ನೇ ಮಾಡಿ ನೋಡ್ತೀನಿ," ಎಂದಳು.

ಹಳೆಯ ಕಂಪ್ಯೂಟರೊಂದಕ್ಕೆ ಖಾಲಿ ಡಿಸ್ಕುಗಳನ್ನು ಜೋಡಿಸಿದಳು. ಹೋದರೂ ಯಾರೂ ಅಳದಂಥ ದನಿ ಬೇಕೆಂದು ನನ್ನದನ್ನು ತುಂಬಿದಳು. ನಾನು ಕೂಸಾ ಕಾಯಿಗೆ ಅಕ್ಕಿ, ಕೈಮಾ ತುಂಬುವುದು ಹೇಗೆ ಎಂದು ದೀರ್ಘವಾಗಿ ಹೇಳಿದೆ. ಅದನ್ನು ಅದೇ ಹೆಸರಿನ ಮೇಲೆ ಉಳಿಸಲು ಕೊಟ್ಟು, ಅದು ಬರೆಯುತ್ತಿದೆ ಎಂದು ತೋರಿಸುವ ದೀಪ ಮಿಣುಕುತ್ತಿದ್ದಾಗಲೇ ಗುಂಡಿ ಒತ್ತಿ ಆರಿಸಬೇಕು. ಅವಳು ಗುಂಡಿಯ ಮೇಲೆ ಬೆರಳಿಟ್ಟು ಮತ್ತೆ ತೆಗೆದಳು. ಬದುಕಿಡೀ ಸದ್ದು ಕಾಪಾಡಿದವಳಿಗೆ ಕೊಲ್ಲುವುದು ಬರಲಿಲ್ಲ. "ನೀನೇ ಒತ್ತು," ಎಂದಳು. ನಾನು ಒತ್ತಿದೆ.

ಮೊದಲು ಹಾಕಿದ ಹಳೆಯ ವ್ಯವಸ್ಥೆ ಕೆಲವು ಸಲ ತಡೆಯಿತು, ಒಂದು ಸಲ ನನ್ನ ಮಾತು ಈರುಳ್ಳಿಗೆ ಬಂದಲ್ಲಿ ತೂತು ಬಿಟ್ಟಿತು. ತೂತು ಬಿಟ್ಟಾಗಲೂ ಎಲ್ಲ ಸರಿಯಿದೆ ಎಂದೇ ಹೇಳಿತು. ವಿದಾದ್ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ನಜೀಬನಿಗೆ ಆದದ್ದು ಹೀಗೇ.

ಆಮೇಲೆ ಝಡ್‌ಎಫ್‌ಎಸ್ ಎಂಬ ಇನ್ನೊಂದು ವ್ಯವಸ್ಥೆ ಹಾಕಿದಳು. ಅದು ಇದ್ದದ್ದರ ಮೇಲೆ ಬರೆಯುವುದೇ ಇಲ್ಲ. ಹೊಸದನ್ನು ಬೇರೆ ಜಾಗದಲ್ಲಿ ಪೂರ್ತಿ ಬರೆದು, ಬರೆದದ್ದು ಗಟ್ಟಿಯಾಯಿತು ಎಂದಾದ ಮೇಲೆಯೇ ಹಳೆಯದರ ಕೈ ಬಿಡುತ್ತದೆ. ನಾನು ಮನಸ್ಸಿಗೆ ಬಂದಾಗಲೆಲ್ಲ ಗುಂಡಿ ಒತ್ತಿದೆ, ವೈರು ಕಿತ್ತೆ, ಬೈಯುತ್ತ ಗೋಡೆಯ ಸ್ವಿಚ್ಚು ಆರಿಸಿದೆ. ಮತ್ತೆ ಹೊತ್ತಿಸಿದಾಗ ಒಂದೋ ಹಳೆಯ ಕೂಸಾ ಪೂರ್ತಿ ಇರುತ್ತಿತ್ತು, ಇಲ್ಲವೇ ಹೊಸ ಕೂಸಾ ಪೂರ್ತಿ. ಅರ್ಧ ತುಂಬಿದ್ದು ಒಮ್ಮೆಯೂ ಸಿಗಲಿಲ್ಲ.

ಅಷ್ಟಾದರೂ ವಿದಾದಳ ಭಯ ಹೋಗಲಿಲ್ಲ. ಜೋಡಿ ಡಿಸ್ಕುಗಳಲ್ಲಿ ಒಂದರ ಮೇಲೆ ಬೇಕೆಂದೇ ಕಸ ಗೀಚಿ, ಕಂಪ್ಯೂಟರಿಗೆ ಪರೀಕ್ಷೆ ಮಾಡಿಕೋ ಎಂದಳು. ಪ್ರತಿ ತುಂಡಿಗೂ ಅದು ಗುರುತು ಹಾಕಿಟ್ಟುಕೊಂಡಿರುತ್ತದಂತೆ. ಪರದೆಯ ಮೇಲೆ ಸಾಲು ಬಂತು: ಈ ಡಿಸ್ಕಿನಲ್ಲಿ ಇಷ್ಟು ಕೆಟ್ಟಿದೆ, ಇನ್ನೊಂದರಿಂದ ತಂದು ಸರಿಮಾಡಿದ್ದೇನೆ.

ವಿದಾದ್ ಬಿಕ್ಕಿ ಬಿಕ್ಕಿ ಅತ್ತಳು. "ಕೆಟ್ಟಿದೆ ಅಂತು ರಬಾಬ್. ಬಾಯಿಬಿಟ್ಟು ಅಂತು." ಕೆಟ್ಟ ಸುದ್ದಿ ಕೇಳಿ ಒಬ್ಬರಿಗೆ ಅಷ್ಟು ಸಮಾಧಾನವಾದದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಸಮಾಧಾನ ಸಂಜೆಯವರೆಗೂ ಉಳಿಯಲಿಲ್ಲ. ನಜೀಬನನ್ನು ಎಲ್ಲರಿಗಿಂತ ಮೊದಲು ಆ ಕಂಪ್ಯೂಟರಿಗೆ, ಅಂದರೆ ನಮ್ಮ ಹೊಸ ಪೆಟ್ಟಿಗೆಗೆ, ಸಾಗಿಸಿದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಇದು ಅವನನ್ನ ಹೇಗೆ ಬಂದ್ನೋ ಹಾಗೇ ಕಾಪಾಡತ್ತೆ. ಅಂದ್ರೆ ತೂತನ್ನೂ ಕಾಪಾಡತ್ತೆ. ಇನ್ಮೇಲೆ ಆ ತೂತಿಗೆ ಸಾವಿಲ್ಲ."

ಹಬ್ಬದ ಬೆಳಗ್ಗೆ ಗೋರಿಗಳ ಹತ್ತಿರದಿಂದ ನಾನು ಓಡೋಡಿ ಬಂದೆ, ಅವಳೊಬ್ಬಳನ್ನೇ ಬಿಡಬಾರದೆಂದು. ಮೇಜಿನ ಕೆಳಗೆ, ಹಳೆಯದರ ಪಕ್ಕ, ಹೊಸ ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಿತ್ತು. ಉಳಿದ ಮನೆಗಳ ದನಿಗಳು ಹಳೆಯದರಿಂದ ಅದಕ್ಕೆ ಇನ್ನೂ ಸಾಗುತ್ತಿದ್ದವು. "ಇವತ್ತಾದ್ರೂ ನಿಲ್ಲಿಸ್ಬಾರ್ದಿತ್ತಾ?" ಎಂದೆ. "ನಿಲ್ಲಿಸ್ಬೇಕು ಅಂತಿದ್ದೆ. ಕೈ ಬರ್ಲಿಲ್ಲ. ಏನು ಮುಟ್ಟಿದ್ರೂ ಏನೋ ಒಡೆಯತ್ತೆ ಅನ್ಸತ್ತೆ," ಎಂದಳು.

ಹಾಜ್ಜೆ ಬಿಳಿ ತಲೆವಸ್ತ್ರದಲ್ಲಿ ಇಳಿದು ಬಂದರು. ಒಂದು ಕೈಯಲ್ಲಿ ಖರ್ಜೂರ ತುಂಬಿದ ಮಅಮೂಲ್ ಬಿಸ್ಕತ್ತಿನ ತಟ್ಟೆ, ಇನ್ನೊಂದರಲ್ಲಿ ಆಸ್ ಟೊಂಗೆ. ಟೊಂಗೆಯನ್ನು ಪೆಟ್ಟಿಗೆಯ ಮೇಲೆ ನೇರ್ಪಡಿಸಿ ಇಟ್ಟು, ಫಾತಿಹಾ ಓದಿ, ಕುರ್ಚಿಯಲ್ಲಿ ಕೂತು, "ಹಾಕು," ಎಂದರು.

ವಿದಾದ್ ಹಾಕಿದಳು. ನಾನು ಅವಳ ಪಕ್ಕ ಕೂತು ಅವಳ ಕೈ ಹಿಡಿದೆ. ಹುಡುಗ ಸಲಾಂ ಹೇಳಿದ, ಅಂಗಡಿಯ ಸುದ್ದಿ ಹೇಳಿದ. ಹಾಜ್ಜೆ ಕಣ್ಣು ಮುಚ್ಚಿಕೊಂಡು ಅವನ ಜೊತೆಜೊತೆಗೇ ತುಟಿ ಆಡಿಸುತ್ತಿದ್ದರು. ಮಾವಿನಹಣ್ಣು ಬಂತು. ಸೆರಗು ಬಂತು. "ಆಮೇಲೆ ಇನ್ನೊಂದು ಮಾತು, ಸರಿಯಾಗಿ ಕೇಳಿಸ್ಕೋ..."

ತೂತು.

ಹಾಜ್ಜೆಯ ತುಟಿ ನಿಲ್ಲಲಿಲ್ಲ. ಬರಿ ತುಟಿಯಾಗಿದ್ದದ್ದು ಈಗ ದನಿಯಾಗಿ ಕೇಳಿಸಿತು, ಸ್ಪೀಕರು ಸುಮ್ಮನಾಗಿದ್ದರಿಂದ.

"ಕರೆಂಟು ಹೋದ್ರೆ ಎಲ್ಲಾ ಸ್ವಿಚ್ಚೂ ಆರಿಸು ಯುಮ್ಮಾ. ಹೋದದ್ದು ವಾಪಸ್ ಬರೋವಾಗ ಸಿಟ್ಟಲ್ಲಿ ಬರತ್ತೆ. ಪಕ್ಕದ್ಮನೆ ಫ್ರಿಜ್ ಸುಟ್ಟು ಹೊಗೆ ತುಂಬಿದ್ದು ನೆನಪಿದೆಯಲ್ಲ. ಆವತ್ತು ನಾನಿದ್ದೆ, ಓಡ್ಬಂದು ಆರಿಸ್ದೆ. ಈಗ ನಾನಿಲ್ಲ. ಯಾರ ಮನೇಲಿದ್ರೂ ಸರಿ, ಇನ್ನೊಬ್ರು ಆರಿಸ್ತಾರೆ ಅಂತ ಕೂರ್ಬೇಡ. ನೀನೇ ಎದ್ದು ಎಲ್ಲಾ ಆರಿಸು."

"...ಅಷ್ಟು ಮಾಡು ಸಾಕು, ಯುಮ್ಮಾ. ಮರೀಬೇಡ," ಎಂದ ನಜೀಬ್.

ವಿದಾದಳ ಉಗುರು ನನ್ನ ಅಂಗೈಗೆ ನೆಟ್ಟಿತ್ತು. ಅವಳತ್ತ ನೋಡುವ ಧೈರ್ಯ ನನಗಾಗಲಿಲ್ಲ.

ಹಾಜ್ಜೆ ಕಣ್ಣು ತೆರೆದು ಅವಳ ಕೆನ್ನೆ ಸವರಿದರು. "ಚೆನ್ನಾಗಿಟ್ಟಿದೀಯ ಮಗಳೇ. ಒಂದು ಮಾತೂ ಹಾಳಾಗಿಲ್ಲ."

ಎಷ್ಟೋ ದಿನದಿಂದ ಯಾವ ಮಾತಿಗಾಗಿ ಆ ಹಳೆಯ ಪೆಟ್ಟಿಗೆಯನ್ನು ಶಪಿಸುತ್ತಿದ್ದಳೋ ಆ ಮಾತನ್ನೇ ವಿದಾದ್ ಹೇಳಿದಳು.

"ಮಾಶಿಲ್ ಹಾಲ್, ಹಾಜ್ಜೆ."

ಕೆಳಗೆ ಟಕ್ ಎಂದಿತು. ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಹಸಿರು ದೀಪ ಇನ್ನೂ ಮಿಣುಕುತ್ತಿತ್ತು. ಯಾರದೋ ಅಪ್ಪ, ಯಾರದೋ ಗಂಡ, ನಮ್ಮಮ್ಮನೂ ಇರಬಹುದು, ಅರ್ಧ ದಾರಿಯಲ್ಲಿದ್ದರು. ಹಾಜ್ಜೆ ಮೊಣಕಾಲಿನ ಮೇಲೆ ಕೈಯೂರಿದರು. ನಾನು ಅರ್ಧ ಎದ್ದೆ. ವಿದಾದ್ ನನ್ನನ್ನು ಎಳೆದು ಕೂರಿಸಿದಳು. ಅವಳ ಕೈ ಮಂಜಿನಷ್ಟು ತಣ್ಣಗಿತ್ತು, ಆದರೆ ಹಿಡಿತ ಬಿಡಲಿಲ್ಲ.

"ಆರಿಸಿ ಹಾಜ್ಜೆ," ಎಂದಳು. "ನಂಗೆ ಮರ್ತೇಹೋಗತ್ತೆ."

"ನಂಗೊತ್ತಿತ್ತು," ಎಂದು ಗೊಣಗಿಕೊಂಡು ಹಾಜ್ಜೆ ಎದ್ದರು. ಆಸ್ ಟೊಂಗೆ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಮೇಜಿನ ಕೆಳಗೆ ಬಗ್ಗಿ, ಮಗ ಹೇಳಿದ ಹಾಗೆ ಎಲ್ಲವನ್ನೂ ಆರಿಸಿದರು.